ಜ್ವರ ಮೂವತ್ತೊಂಬತ್ತೋ, ನೂರಮೂರೋ?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನನ್ನ ತಮ್ಮನಿಗೆ ಜ್ವರ ಬಂತು. ಮನೆಯ ಹಳೆ ಗಾಜಿನ ಥರ್ಮಾಮೀಟರ್ ಒಡೆದು ಹೋಗಿದ್ದರಿಂದ ಅಪ್ಪ ಬ್ಯಾಟರಿಯದ್ದು ತಂದಿದ್ದರು. ಕಂಕುಳಲ್ಲಿಟ್ಟು ನೋಡಿದರೆ 39.5 ತೋರಿಸಿತು. "ನಲ್ವತ್ತು ಕೂಡ ಆಗ್ಲಿಲ್ಲ. ನೂರು ದಾಟಿದ್ರೆ ಅಲ್ವಾ ಜ್ವರ? ಎಂತ ಇಲ್ಲ, ಮಲಗ್ಲಿ" ಅಂದರು ಅಜ್ಜಿ. ಆದರೆ ಅವನ ಹಣೆ ದೋಸೆ ಕಾವಲಿಯ ಹಾಗೆ ಸುಡುತ್ತಿತ್ತು.

ಸರಿಯಾಗಿ ನೋಡಿದೆ. ಅಂಕಿಯ ಪಕ್ಕದಲ್ಲಿ ಸಣ್ಣದಾಗಿ 'ಸಿ' ಅಂತ ಇತ್ತು. ಅಂದರೆ ಸೆಲ್ಸಿಯಸ್! ಅಜ್ಜಿ ಹೇಳಿದ ನೂರು ಫ್ಯಾರನ್‌ಹೀಟಿನದ್ದು. ಪುಸ್ತಕದ ಸೂತ್ರ ನೆನಪು ಮಾಡಿ, ಗಡಿಬಿಡಿಯಲ್ಲಿ ಮೊದಲು 32 ಕೂಡಿಸಿ ಆಮೇಲೆ 9/5ರಿಂದ ಗುಣಿಸಿದೆ. 128.7 ಬಂತು! ಅಷ್ಟು ಬಿಸಿ ಮನುಷ್ಯನಿಗೆ ಇರಲಿಕ್ಕುಂಟಾ? ಪುನಃ ಮಾಡಿದೆ. 39.5 × 9 = 355.5. ಅದನ್ನು 5ರಿಂದ ಭಾಗಿಸಿದರೆ 71.1. ಕೊನೆಗೆ 32 ಕೂಡಿಸಿದರೆ 103.1. ಇದನ್ನು ಕೇಳಿದ್ದೇ ತಡ, ಅಜ್ಜಿಯೇ "ರಿಕ್ಷಾಕ್ಕೆ ಫೋನ್ ಮಾಡಿ" ಅಂದರು. ಸುಳ್ಯಕ್ಕೆ ಕರೆದುಕೊಂಡು ಹೋದೆವು. ತಮ್ಮ ಹುಷಾರಾದ.

32 ಕೊನೆಗೇ ಯಾಕೆ ಕೂಡಿಸಬೇಕು? ಯಾವ ಮಾಪಕಕ್ಕೂ ಎರಡು ಸಂಗತಿ ಮುಖ್ಯ: ಎಲ್ಲಿಂದ ಶುರು, ಒಂದು ಮೆಟ್ಟಿಲು ಎಷ್ಟು ದೊಡ್ಡದು. ಮಂಜುಗಡ್ಡೆ ಕರಗುವಲ್ಲಿಂದ ನೀರು ಕುದಿಯುವವರೆಗೆ ಸೆಲ್ಸಿಯಸ್‌ನಲ್ಲಿ 0ಯಿಂದ 100, ಅಂದರೆ 100 ಮೆಟ್ಟಿಲು. ಫ್ಯಾರನ್‌ಹೀಟ್‌ನಲ್ಲಿ 32ರಿಂದ 212, ಅಂದರೆ 180 ಮೆಟ್ಟಿಲು. ಆದ್ದರಿಂದ ಅಲ್ಲಿಯ 5 ಮೆಟ್ಟಿಲಿಗೆ ಇಲ್ಲಿಯ 9. ಮೊದಲು ಮೆಟ್ಟಿಲು ಬದಲಾಯಿಸಿ, ಆಮೇಲೆ ಶುರುವಿನ 32 ಸೇರಿಸಬೇಕು. ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್‌ಗೆ ಬರುವಾಗ ಇದೇ ದಾರಿಯಲ್ಲಿ ಹಿಂದೆ ಬನ್ನಿ: ಮೊದಲು 32 ಕಳೆಯಿರಿ, ಆಮೇಲೆ 5ರಿಂದ ಗುಣಿಸಿ 9ರಿಂದ ಭಾಗಿಸಿ.

ಫ್ಯಾರನ್‌ಹೀಟ್ ತಮ್ಮ ಮಾಪಕವನ್ನು ಪ್ರಕಟಿಸಿದ್ದು 1724ರಲ್ಲಿ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತಮ್ಮದನ್ನು ಮುಂದಿಟ್ಟಾಗ ಕುದಿಯುವ ನೀರಿಗೆ 0, ಮಂಜುಗಡ್ಡೆಗೆ 100 ಇಟ್ಟಿದ್ದರು! ಅದನ್ನು ಆಮೇಲೆ ತಿರುಗಿಸಿದ್ದು. ಅಂದರೆ ಮಾಪಕ ಮನುಷ್ಯರು ಮಾಡಿಕೊಂಡ ಒಪ್ಪಂದ. ಹಾಗಾದರೆ ನಾವೂ ಒಂದು ಮಾಡಬಹುದಲ್ವಾ?

ನಾನು ಮಾಡಿದೆ! ಹೆಸರು 'ಬಚ್ಚಲು ಮಾಪಕ'. ಮಾಸ್ಟ್ರನ್ನು ಕೇಳಿ ಪ್ರಯೋಗಾಲಯದ ಥರ್ಮಾಮೀಟರ್ ತಂದು, ಬೆಳಿಗ್ಗೆ ಬಾವಿ ನೀರಿಗೆ ಹಾಕಿದೆ: 25 ಡಿಗ್ರಿ ಸೆಲ್ಸಿಯಸ್. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಅಜ್ಜಿ "ಸಾಕು, ಹದ ಆಯ್ತು" ಅಂದಾಗ ನೋಡಿದೆ: 40 ಡಿಗ್ರಿ. ಬಾವಿ ನೀರು 0, ಮೀಯುವ ನೀರು 10 ಅಂತ ಇಟ್ಟೆ. ನಡುವಿನ 15 ಡಿಗ್ರಿಯನ್ನು 10 ಪಾಲು ಮಾಡಿದರೆ ಒಂದು ಬಚ್ಚಲು ಡಿಗ್ರಿಗೆ 1.5 ಸೆಲ್ಸಿಯಸ್. ಹಾಗಾಗಿ ಸೆಲ್ಸಿಯಸ್‌ನಿಂದ 25 ಕಳೆದು 1.5ರಿಂದ ಭಾಗಿಸಿದರೆ ಆಯ್ತು.

ಸೆಲ್ಸಿಯಸ್ — ಫ್ಯಾರನ್‌ಹೀಟ್ — ಬಚ್ಚಲು
25 — 77 — 0
37 — 98.6 — 8
38.5 — 101.3 — 9
40 — 104 — 10

ನೋಡಿ, ಹುಷಾರಿದ್ದವನ ಮೈಬಿಸಿ 8. ಅದು 9 ಆದರೆ ಜೋರು ಜ್ವರ. 10 ಅಂದರೆ ಮೀಯುವ ನೀರಿನಷ್ಟೇ ಬಿಸಿ! ಅಜ್ಜಿಗೆ ಇದು ತಟ್ಟನೆ ಅರ್ಥವಾಯಿತು.

ಇನ್ನೊಂದು ಎಚ್ಚರಿಕೆ. "ಜ್ವರ 2 ಡಿಗ್ರಿ ಸೆಲ್ಸಿಯಸ್ ಏರಿತು" ಅಂದರೆ ಫ್ಯಾರನ್‌ಹೀಟಿನಲ್ಲಿ 3.6 ಮಾತ್ರ ಏರಿದ್ದು. ಏರಿಕೆಗೆ 32 ಕೂಡಿಸಬಾರದು, ಅಲ್ಲಿ ಮೆಟ್ಟಿಲು ಮಾತ್ರ ಲೆಕ್ಕ. ಲೆಕ್ಕ ಸರಿಯಾ ಅಂತ ಸಂಶಯ ಬಂದರೆ 37 ಹಾಕಿ ನೋಡಿ, 98.6 ಬರಬೇಕು.

ಇವತ್ತು ಮನೆಗೆ ಹೋಗಿ ನಿಮ್ಮ ಥರ್ಮಾಮೀಟರಿನಲ್ಲಿ 'ಸಿ' ಉಂಟಾ, 'ಎಫ್' ಉಂಟಾ ನೋಡಿ, ಮನೆಯವರಿಗೂ ಹೇಳಿ. ಬರೀ ಅಂಕಿಯನ್ನು ನಂಬಬೇಡಿ.

ನಿಮಗೊಂದು ಪ್ರಶ್ನೆ: ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಒಂದೇ ಅಂಕಿ ತೋರಿಸುವ ಜಾಗ ಒಂದುಂಟು. ಅದು ಸೊನ್ನೆಗಿಂತ ಕೆಳಗೆ. ಯಾವುದು? ಉತ್ತರ ಮುಂದಿನ ಸಂಚಿಕೆಯಲ್ಲಿ.

— 9ನೇ ತರಗತಿಯ ವಿದ್ಯಾರ್ಥಿನಿ, ಐವರ್ನಾಡು