ವುಜೂವಿನ ನೀರು

ದಿನಕ್ಕೆ ಐದು ಬಾರಿ ಸಲ್ಲುವ ನಮಾಜನ್ನು ಹೊರಗಿನಿಂದ ನೋಡುವವರ ಗಮನವು ಸಾಲುಗಟ್ಟಿ ನಿಲ್ಲುವ, ಬಾಗುವ, ಹಣೆಯನ್ನು ನೆಲಕ್ಕೆ ಮುಟ್ಟಿಸುವ ಗಂಭೀರ ಕ್ರಿಯೆಯಲ್ಲಿಯೇ ನೆಲೆಗೊಳ್ಳುವುದು ಸಹಜವಾದರೂ, ಅದಕ್ಕೆ ಮೊದಲು ಮಸೀದಿಯ ಹೌಜಿನ, ಎಂದರೆ ನೀರಿನ ಕೊಳದ, ದಂಡೆಯಲ್ಲಿಯೋ ಮನೆಯ ಹಿತ್ತಿಲಿನಲ್ಲಿಯೋ ನಡೆಯುವ ಸಿದ್ಧತೆಯನ್ನು ಅರಿಯದವರಿಗೆ ಆ ಪ್ರಾರ್ಥನೆಯ ಸ್ವರೂಪವು ಪೂರ್ಣವಾಗಿ ತಿಳಿಯಲಾರದು. ಉಟ್ಟ ಬಟ್ಟೆಯೂ ನಿಲ್ಲುವ ನೆಲವೂ ಶುಚಿಯಾಗಿರಬೇಕು, ಮುಖವು ಮಕ್ಕಾದ ಕಾಬಾದತ್ತ ತಿರುಗಿರಬೇಕು. ಅವೆಲ್ಲಕ್ಕೂ ಮಿಗಿಲಾಗಿ, ವುಜೂ ಎಂಬ ಅಂಗಪ್ರಕ್ಷಾಳನವು ನಡೆದಿರಬೇಕು.

ಕುರಾನಿನ 5ನೆಯ ಅಧ್ಯಾಯದ 6ನೆಯ ವಾಕ್ಯವು ಇದಕ್ಕೆ ವಿಧಿಸಿರುವ ಕಾರ್ಯಗಳು ನಾಲ್ಕೇ: ಮುಖವನ್ನೂ, ಮೊಣಕೈಯವರೆಗೆ ಕೈಗಳನ್ನೂ ತೊಳೆಯುವುದು, ಒದ್ದೆಗೈಯಿಂದ ತಲೆಯನ್ನು ಸವರುವುದು, ಹರಡಿನವರೆಗೆ ಪಾದಗಳನ್ನು ತೊಳೆಯುವುದು. ಶಿಯಾ ಸಂಪ್ರದಾಯದವರು ಪಾದಗಳನ್ನು ತೊಳೆಯದೆ ಸವರುತ್ತಾರೆ. ಮೊದಲು ಮಣಿಕಟ್ಟಿನವರೆಗೆ ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗಿಗೆ ನೀರೆಳೆದು ಶುದ್ಧಿಗೊಳಿಸಿ, ಬಲಭಾಗಕ್ಕೆ ಅಗ್ರಸ್ಥಾನವಿತ್ತು, ಒಂದೊಂದು ಅಂಗವನ್ನೂ ಮೂರು ಸಲ ತೊಳೆಯುವ ಕ್ರಮವು ಪ್ರವಾದಿ ಮುಹಮ್ಮದರ ಆಚರಣೆಯಿಂದ ಬಂದುದು. ತಲೆಯ ಕಾಲುಭಾಗವನ್ನಾದರೂ ಸವರಬೇಕೆಂದು ಹನಫಿ ಪಂಥವು ಹೇಳಿದರೆ, ಕೆಲವೇ ಕೂದಲುಗಳಿಗೆ ತೇವ ತಗುಲಿದರೂ ಸಾಕೆನ್ನುವ ಶಾಫಿ ಪಂಥವು ಸಂಕಲ್ಪವನ್ನೂ ಕ್ರಮವನ್ನೂ ಕಡ್ಡಾಯಗೊಳಿಸುತ್ತದೆ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳು, ಒಳನಾಡಿನ ಮುಸಲ್ಮಾನರು ಬಹುಮಟ್ಟಿಗೆ ಹನಫಿಗಳು. ಆದುದರಿಂದ ಮಂಗಳೂರಿನ ಮಸೀದಿಗೂ ಕಲಬುರಗಿಯ ಮಸೀದಿಗೂ ಈ ಸೂಕ್ಷ್ಮಗಳಲ್ಲಿ ಕಿಂಚಿತ್ ಅಂತರವಿದ್ದರೆ ಅದು ಶತಮಾನಗಳ ಶಾಸ್ತ್ರವಿಚಾರದ ಫಲವೇ ಹೊರತು ಅಲಕ್ಷ್ಯದ ಫಲವಲ್ಲ.

ಇಷ್ಟೆಲ್ಲ ತೊಳೆಯುವುದಕ್ಕೆ ಎಷ್ಟು ನೀರು ಬೇಕು? ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳೇ ಇಲ್ಲಿದೆ. ಪ್ರವಾದಿಯವರು ವುಜೂವಿಗೆ ಒಂದು ಮುದ್ದ್, ಎಂದರೆ ಎರಡು ಕೈಗಳನ್ನೂ ಜೋಡಿಸಿದ ಒಂದು ಬೊಗಸೆಯಷ್ಟು ನೀರನ್ನೂ, ಇಡೀ ದೇಹದ ಸ್ನಾನಕ್ಕೆ ನಾಲ್ಕರಿಂದ ಐದು ಮುದ್ದ್ ನೀರನ್ನೂ ಬಳಸುತ್ತಿದ್ದರೆಂದು ಅವರ ನಡೆನುಡಿಗಳ ವರದಿಗಳಾದ ಹದೀಸುಗಳು ಹೇಳುತ್ತವೆ. ಮುದ್ದ್ ಎಂದರೆ ಒಂದು ಲೀಟರಿಗೂ ಕಡಿಮೆ. ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಜೂ ಮಾಡುವಾಗಲೂ ನೀರನ್ನು ಪೋಲು ಮಾಡಲಾಗದೆಂಬ ಉಪದೇಶವೊಂದು ಇಬ್ನ್ ಮಾಜಾರ ಹದೀಸ್ ಸಂಗ್ರಹದಲ್ಲಿದೆ. ನಲ್ಲಿಯನ್ನು ಪೂರ್ಣವಾಗಿ ತಿರುಗಿಸಿಟ್ಟು, ತಲೆ ಸವರುವಾಗಲೂ ನೀರು ಹರಿಯುವಂತೆ ಬಿಡುವ ಇಂದಿನ ರೂಢಿಯು ಆ ಬೊಗಸೆಯ ಮರ್ಯಾದೆಯಿಂದ ಬಹಳ ದೂರ ಸರಿದಿದೆಯೆಂದು ನಾನು ಖೇದದಿಂದಲೇ ಬರೆಯುತ್ತೇನೆ.

ನಿಂತ ನೀರು ಯಾವಾಗ ಅಶುದ್ಧವಾಗುತ್ತದೆಂಬ ಪ್ರಶ್ನೆಯನ್ನೂ ಶಾಸ್ತ್ರಜ್ಞರು ಅಷ್ಟೇ ಶ್ರದ್ಧೆಯಿಂದ ವಿವೇಚಿಸಿದರು. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲವಿರುವ ಕೊಳದ ನೀರನ್ನು ಹನಫಿ ವಿದ್ವಾಂಸರು ಹರಿಯುವ ನೀರಿಗೆ ಸಮಾನವೆಂದೆಣಿಸಿ, ಬಣ್ಣ, ರುಚಿ, ವಾಸನೆಗಳಲ್ಲೊಂದು ಕೆಡುವವರೆಗೆ ಅದು ಶುದ್ಧವೇ ಎಂದು ನಿರ್ಣಯಿಸಿದರು. ಶಾಫಿಗಳಿಗೆ ಎರಡು ಕುಲ್ಲಾ, ಎಂದರೆ ಸುಮಾರು 200 ಲೀಟರಿನ ಆಸುಪಾಸಿನ ನೀರು ಸಾಕು. ನೂರಾರು ಕೈಗಳು ಒಂದೇ ನೀರಿಗಿಳಿಯುವ ಮಸೀದಿಗಳಲ್ಲಿ ವಿಶಾಲವಾದ ಹೌಜುಗಳನ್ನು ಕಟ್ಟಿದುದರ ಹಿಂದೆ ಈ ವಿವೇಚನೆಯೂ ಇದೆ. ಒಂದನೆಯ ಅಲಿ ಆದಿಲ್‌ಶಹನ ಕಾಲದ ವಿಜಾಪುರದ ಜಾಮಿಯಾ ಮಸೀದಿಯ ಅಂಗಳದಲ್ಲಿ ಹೌಜಿದೆ. ಇಬ್ರಾಹಿಂ ರೋಜಾದಲ್ಲಿ ಸಮಾಧಿಗೂ ಮಸೀದಿಗೂ ನಡುವೆ ಕೊಳವಿದೆ. ಮಳೆ ವಿರಳವಾದ ಆ ಬಯಲುಸೀಮೆಯಲ್ಲಿ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳಲ್ಲಿ ನಗರಕ್ಕೆ ನೀರನ್ನು ಹರಿಸಿದ, 1620ರಲ್ಲಿ ತಾಜ್ ಬಾವಡಿ ಎಂಬ ಬಾವಿಯನ್ನೂ 1651ರಲ್ಲಿ ಬೇಗಂ ತಾಲಾಬ್ ಎಂಬ ಕೆರೆಯನ್ನೂ ನಿರ್ಮಿಸಿದ ಜನರು ನೀರಿನ ಬೆಲೆಯನ್ನು ಅರಿತಿದ್ದರು.

ವುಜೂ ಮುರಿಯುವುದು ಮಲಮೂತ್ರ ವಿಸರ್ಜನೆಯಿಂದ, ವಾಯು ಸರಿಯುವುದರಿಂದ, ಗಾಢನಿದ್ರೆಯಿಂದ. ದಾಂಪತ್ಯ ಸಂಪರ್ಕದ ಬಳಿಕವೂ, ಸ್ತ್ರೀಯರಿಗೆ ಋತುಸ್ರಾವವು ನಿಂತ ಬಳಿಕವೂ ಪೂರ್ಣಸ್ನಾನವೇ ಬೇಕು. ಆದರೆ ಮುರಿಯಿತೋ ಇಲ್ಲವೋ ಎಂಬ ಬರಿಯ ಶಂಕೆ ಮೂಡಿದ ಮಾತ್ರಕ್ಕೆ ವುಜೂ ಮುರಿಯದೆಂದೂ, ನಿಶ್ಚಯವನ್ನು ಸಂಶಯವು ಅಳಿಸಲಾರದೆಂದೂ ಬಹುಪಾಲು ಶಾಸ್ತ್ರಜ್ಞರು ಒಪ್ಪಿದ್ದಾರೆ. ಅಶುಚಿಯ ಭೀತಿಯಿಂದ ನವೆಯುವ ಮನಸ್ಸಿಗೆ ಇದಕ್ಕಿಂತ ದೊಡ್ಡ ಸಾಂತ್ವನವುಂಟೆ?

ನೀರೇ ಇಲ್ಲದಿದ್ದರೆ, ಅಥವಾ ನೀರು ಸೋಂಕಿದರೆ ರೋಗವು ಹೆಚ್ಚುವಂತಿದ್ದರೆ, ಶುದ್ಧವಾದ ಮಣ್ಣಿನ ಮೇಲೆ ಅಂಗೈಗಳನ್ನೂರಿ ಮುಖವನ್ನೂ ಕೈಗಳನ್ನೂ ಸವರಿಕೊಳ್ಳುವ ತಯಮ್ಮುಮ್ ವಿಹಿತವಾಗಿದೆ. ಪ್ರವಾದಿಯವರ ಪತ್ನಿ ಆಯಿಷಾ ಅವರ ಕೊರಳಹಾರವು ಪ್ರಯಾಣದಲ್ಲಿ ಕಳೆದುಹೋಗಿ, ಅದನ್ನು ಹುಡುಕುವುದಕ್ಕೆಂದು ನೀರಿಲ್ಲದ ತಾಣದಲ್ಲಿ ತಂಡವೆಲ್ಲ ತಂಗಬೇಕಾದ ಸಂದರ್ಭದಲ್ಲಿ ಈ ವಿಧಿಯು ಅವತರಿಸಿತೆಂದು ಹದೀಸುಗಳು ತಿಳಿಸುತ್ತವೆ. ಹಾರವು ಕೊನೆಗೆ ಅವರ ಒಂಟೆಯ ಕೆಳಗೇ ದೊರೆಯಿತು. ಅಬೂ ದಾವೂದರ ಸಂಗ್ರಹದಲ್ಲಿ ಇಬ್ಬರು ಪ್ರಯಾಣಿಕರ ಪ್ರಸಂಗವೊಂದಿದೆ. ಮಣ್ಣಿನಿಂದ ಶುದ್ಧಿ ಮಾಡಿಕೊಂಡು ನಮಾಜು ಮುಗಿಸಿದ ಅವರಿಗೆ ಆ ಹೊತ್ತು ಮೀರುವುದರೊಳಗೇ ನೀರು ಸಿಕ್ಕಿತು. ಒಬ್ಬನು ವುಜೂ ಮಾಡಿ ನಮಾಜನ್ನು ಪುನಃ ಸಲ್ಲಿಸಿದನು, ಇನ್ನೊಬ್ಬನು ಸಲ್ಲಿಸಲಿಲ್ಲ. ಇಬ್ಬರೂ ಪ್ರವಾದಿಯವರ ಬಳಿಗೆ ಬಂದು ನಡೆದುದನ್ನು ನಿವೇದಿಸಿದಾಗ, ಪುನಃ ಸಲ್ಲಿಸದವನಿಗೆ ಅವನು ನಡೆದುದು ಸರಿಯಾದ ಮಾರ್ಗವೆಂದೂ, ಅವನ ನಮಾಜು ಸಂದಿತೆಂದೂ ಹೇಳಿದ ಅವರು, ಮತ್ತೊಬ್ಬನಿಗೆ ನಿನಗೆ ಇಮ್ಮಡಿ ಪುಣ್ಯವೆಂದರು.