ಕಡಮತ್: ಮನೆಯ ಹಿತ್ತಿಲೇ ಕಡಲು

ಕಡಲ ತೀರವೆಂದರೆ ಕರಾವಳಿಯವರಾದ ನಮಗೆ ಪಣಂಬೂರು, ಉಳ್ಳಾಲ. ಚುರುಮುರಿ ಗಾಡಿ, ಐಸ್‌ಕ್ರೀಂ, ರಜಾ ದಿನದ ನೂಕುನುಗ್ಗಲು. ಲಕ್ಷದ್ವೀಪದ ಕಡಮತ್‌ನಲ್ಲಿ ಫಜ್ರ್ ನಮಾಝಿನ ಬಳಿಕ ಪಶ್ಚಿಮದ ದಂಡೆಗೆ ಇಳಿದಾಗ ನಮ್ಮೆದುರಿಗಿದ್ದದ್ದು ಬಿಳಿ ಮರಳು ಮತ್ತು ಹೆಜ್ಜೆ ಸಪ್ಪಳಕ್ಕೆ ಬಿಲ ಸೇರುವ ಏಡಿಗಳು ಮಾತ್ರ. ಅಲೆಗಳ ಸದ್ದು ಕೂಡಾ ದೂರದಲ್ಲಿ! ಹವಳದ ದಿಬ್ಬವೊಂದು ಗೋಡೆಯಂತೆ ಅವನ್ನು ಅಲ್ಲೇ ತಡೆಯುತ್ತದೆ. ಒಳಗಿನ ನೀರು ಕೆರೆಯಂತೆ ಶಾಂತ. ಮಕ್ಕಳನ್ನು ಭಯವಿಲ್ಲದೆ ಇಳಿಸಬಹುದು.

ಕೊಚ್ಚಿಯಿಂದ ಹಡಗಿನ ಪ್ರಯಾಣ. ಪರ್ಮಿಟ್ ಇಲ್ಲದೆ ಹೊರಗಿನವರಿಗೆ ಪ್ರವೇಶವಿಲ್ಲ. ದ್ವೀಪದ ಉದ್ದ ಸುಮಾರು 9 ಕಿಲೋಮೀಟರ್, ಅಗಲ ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರ್‌ಗೆ ತುಸು ಹೆಚ್ಚು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 5,400. ಬಹುತೇಕ ಎಲ್ಲರೂ ಮುಸ್ಲಿಮರು. ಅವರಾಡುವ ಜೆಸರಿ ಮಲಯಾಳಂಗೆ ಹತ್ತಿರದ ಭಾಷೆ. ಬ್ಯಾರಿ ಬಲ್ಲವರಿಗೆ ಅರ್ಧಂಬರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ನಗುವೇ ಸಾಕಾಗುತ್ತದೆ.

ನಂಟು ಹೊಸದೇನಲ್ಲ. ಅಮಿನಿ, ಕಡಮತ್ ಮುಂತಾದ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರ ಆಡಳಿತದಲ್ಲಿದ್ದವು. ಬಳಿಕ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ಓಡಗಳಲ್ಲಿ ಹುರಿಹಗ್ಗ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಆ ಹುರಿಯ ಹಿಂದಿದ್ದದ್ದು ಹೆಂಗಸರ ಕೈ. ತೆಂಗಿನ ಸಿಪ್ಪೆಯನ್ನು ಇದೇ ದಂಡೆಯ ಮರಳಿನಲ್ಲಿ ಹೂತು, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಕೊಳೆಸಿ, ಬಡಿದು ನಾರು ತೆಗೆದು ಹೊಸೆಯುತ್ತಿದ್ದವರು ಅವರು. ನಾವು ‘ನಿರ್ಜನ’ ಎಂದು ಫೋಟೋ ತೆಗೆಯುವ ಕಡಲಂಚು ಅವರ ಪಾಲಿಗೆ ದುಡಿಮೆಯ ಅಂಗಳವಾಗಿತ್ತು.

ಮನೆ, ತೆಂಗಿನ ತೋಟಗಳ ವಿಷಯ ಇನ್ನೂ ಸ್ವಾರಸ್ಯಕರ. ‘ಶುಕ್ರವಾರದ ಆಸ್ತಿ’ ಎಂದರೆ ತರವಾಡಿನದ್ದು, ಅದು ತಾಯಿಯ ಬಳಿಯಲ್ಲೇ ಇಳಿದು ಬರುತ್ತದೆ. ಸ್ವಂತ ಗಳಿಕೆ ‘ಸೋಮವಾರದ ಆಸ್ತಿ’, ಅದು ಶರೀಅತ್ತಿನಂತೆ ಹಂಚಿಕೆಯಾಗುತ್ತದೆ. ಮದುವೆಯಾದ ಹೆಣ್ಣು ತಾಯಿಮನೆಯಲ್ಲೇ ಉಳಿಯುವುದು, ಗಂಡ ರಾತ್ರಿ ಅಲ್ಲಿಗೆ ಬರುವುದು ಹಿಂದಿನ ರೂಢಿ. ಈಗ ಬೇರೆ ಮನೆ ಮಾಡುವವರೂ ಇದ್ದಾರೆ. ಮದುವೆಯ ದಿನ ಅತ್ತು ತವರು ಬಿಟ್ಟ ನಮ್ಮಂಥವರಿಗೆ ಇದನ್ನು ಕೇಳಿ ಸ್ವಲ್ಪ ಅಸೂಯೆಯಾದರೆ ತಪ್ಪೇ?

ಅಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮರಳಿಗಿಳಿದ ಮಳೆನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ನಿಲ್ಲುತ್ತದೆ, ಬಾವಿಗೆ ಬರುವುದು ಅದೇ. ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ನಮಗಿದು ತಿಳಿದದ್ದು ಎರಡನೇ ದಿನ. ಅಷ್ಟರಲ್ಲಿ ಕಡಲಲ್ಲಿ ಮಿಂದು ಬಂದಾಗಲೆಲ್ಲ ಮಕ್ಕಳಿಗೆ ಬಕೆಟುಗಟ್ಟಲೆ ಸಿಹಿನೀರು ಸುರಿದಿದ್ದೆವು. ದೊಡ್ಡ ಹೋಟೆಲುಗಳು ಬರಲಿ ಎನ್ನುವವರು ಮೊದಲು ಈ ಬಾವಿಗಳನ್ನು ಇಣುಕಿ ನೋಡಬೇಕು. ಆ ಹವಳದ ಗೋಡೆಯೂ ಗಟ್ಟಿಯಾಗಿ ಉಳಿದಿಲ್ಲ. ಕಡಲು ಬಿಸಿಯೇರಿ 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ಗೋಡೆ ಕುಸಿದರೆ ಅಲೆಗಳು ನೇರ ಮನೆಯಂಗಳಕ್ಕೇ.

ಹೊರಡುವ ಬೆಳಿಗ್ಗೆ ಬ್ಯಾಗ್ ಕಟ್ಟುವಾಗ ಮಗಳ ಅಂಗಿಯ ಜೇಬಿನಲ್ಲಿ ಹವಳದ ಚೂರೊಂದು ಸಿಕ್ಕಿತು. ಅದನ್ನು ಕೊಂಡೊಯ್ಯುವುದು ಕಾನೂನಿಗೆ ವಿರುದ್ಧ. ಮುಖ ಊದಿಸಿಕೊಂಡೇ ದಂಡೆಗೆ ನಡೆದಳು, ಮೊಣಕಾಲುದ್ದ ನೀರಿಗಿಳಿದು ಬಗ್ಗಿ, ಅದನ್ನು ಎಸೆಯದೆ ಮೆಲ್ಲನೆ ತಳದಲ್ಲಿಟ್ಟು ಬಂದಳು.