ಹೆಸರಿಗೆ ಸಿಗದ ರೋಗಾಣು: ತೆಂಗಿನ 'ಕೇರಳ ವಾಡಲ್'

ಪೊಳ್ಳಾಚಿ, ಆನೈಮಲೈ, ಉಡುಮಲೈ ಕಡೆಯ ತೋಟಗಳಲ್ಲಿ ತೆಂಗಿನ ಗರಿಯ ಎಲೆಗಳು ಬಿಗಿ ಕಳೆದುಕೊಂಡು ಪಕ್ಕೆಲುಬಿನಂತೆ ಒಳಕ್ಕೆ ಬಾಗತೊಡಗಿದರೆ 'ಕೇರಳ ವಾಡಲ್' ಬಂದಿತೆಂದು ನಮ್ಮ ರೈತರ ಎದೆ ಧಸಕ್ಕೆನ್ನುತ್ತದೆ. ಇದೇ ತೆಂಗಿನ ಬೇರು ಸೊರಗು ರೋಗ. ಮರ ಒಮ್ಮೆಲೇ ಸಾಯುವುದಿಲ್ಲ. ಗರಿ ಹಳದಿಯಾಗುತ್ತದೆ, ಅಂಚು ಒಣಗುತ್ತದೆ, ಕಾಯಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. 1882ರ ಸುಮಾರಿಗೆ ಕೇರಳದ ಈರಾಟ್ಟುಪೇಟದ ಬಳಿ ಮೊದಲು ಗುರುತಿಸಲಾದ ಈ ರೋಗ ಇಂದು ಘಟ್ಟದ ಈಚೆಗೂ ಬಂದಿದೆ. ಇದಕ್ಕೆ ಕಾರಣವಾದ ಜೀವಿಯ ಹೆಸರೇನೆಂದು ಕೇಳಿದರೆ ಮಾತ್ರ ವಿಜ್ಞಾನಿಗಳೂ ಒಂದೇ ಮಾತಿನಲ್ಲಿ ಉತ್ತರ ಕೊಡಲಾರರು. ಏಕೆಂದು ನೋಡೋಣ.

ಗಿಡಮರಗಳಿಗೆ ಹೆಸರಿಡುವವರು ಒಣಗಿಸಿದ ಒಂದು ಕೊಂಬೆಯನ್ನು ಸಂಗ್ರಹಾಲಯದಲ್ಲಿ ಇಟ್ಟರೆ ಸಾಕು. ಬ್ಯಾಕ್ಟೀರಿಯಾಗಳಿಗೆ ಹಾಗಲ್ಲ. ಹೊಸ ಜಾತಿಯೊಂದಕ್ಕೆ ಅಧಿಕೃತ ಹೆಸರು ಸಿಗಬೇಕಾದರೆ ಅದನ್ನು ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಿ, ಆ ಜೀವಂತ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿ ಇರಿಸಬೇಕು. ನಮ್ಮ ದೇಶದಲ್ಲಿ ಚಂಡೀಗಢ ಮತ್ತು ಪುಣೆಯಲ್ಲಿ ಇಂಥ ಸಂಗ್ರಹಗಳಿವೆ. ಬೀಜೋಪಚಾರಕ್ಕೆ ನಾವು ತರುವ ಅಜೋಸ್ಪೈರಿಲ್ಲಮ್ ಪೊಟ್ಟಣವನ್ನೇ ನೆನೆಯಿರಿ. ಒಳಗಿರುವುದು ಅದೇ ಜೀವಿಯೋ ಅಲ್ಲವೋ ಎಂಬ ಸಂಶಯ ಬಂದರೆ ಮೂಲ ತಳಿಯನ್ನು ತರಿಸಿ, ಪಕ್ಕದಲ್ಲಿಟ್ಟು ಹೋಲಿಸಬಹುದು. ಹೆಸರಿನ ಹಿಂದೆ ಜೀವಂತ ಸಾಕ್ಷಿ ಇದೆ.

ಆದರೆ ಸಾಕಲು ಒಗ್ಗದ ಜೀವಿಗಳೂ ಉಂಟು. ಇದರ ಒಂದು ಹಳೆಯ ಉದಾಹರಣೆ ನಮ್ಮ ಕೊಯಮತ್ತೂರಿನದೇ. ಬದನೆಗಿಡದಲ್ಲಿ ಎಲೆ ಕಿರಿದಾಗಿ, ಕವಲು ಪೊದೆಯಂತಾಗಿ, ಕಾಯಿ ಬಿಡದೆ ಹೋಗುವ ಸಣ್ಣ ಎಲೆ ರೋಗವನ್ನು ಎಲ್ಲರೂ ಬಲ್ಲರು. ಅದು ಗಿಡದಿಂದ ಗಿಡಕ್ಕೆ ಅಂಟುವ ರೋಗವೆಂದು ಥಾಮಸ್ ಮತ್ತು ಕೃಷ್ಣಸ್ವಾಮಿ ಎಂಬ ಇಲ್ಲಿನ ವಿಜ್ಞಾನಿಗಳು 1939ರಲ್ಲಿ ಪ್ರಕಟಿಸಿದರು. ಯಾವ ರೋಗಾಣುವೂ ಬೆಳೆಸಲು ಸಿಗದ್ದರಿಂದ ಇಂಥ ರೋಗಗಳನ್ನೆಲ್ಲ ಬಹುಕಾಲ ವೈರಸ್ಸಿನ ಲೆಕ್ಕಕ್ಕೆ ಸೇರಿಸಲಾಗಿತ್ತು. 1967ರಲ್ಲಿ ಜಪಾನಿನವರು ಹಿಪ್ಪುನೇರಳೆ ಮುಂತಾದ ಗಿಡಗಳಲ್ಲಿ, ಎಲೆಯಿಂದ ಆಹಾರ ಇಳಿಯುವ ನಾಳದೊಳಗೆ, ಕೋಶಗೋಡೆಯೇ ಇಲ್ಲದ ಪುಟ್ಟ ಬ್ಯಾಕ್ಟೀರಿಯಾಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಬದನೆಯ ರೋಗಾಣುವೂ ಆ ಕುಲದ್ದೇ ಎಂದು ಅನಂತರ ತಿಳಿಯಿತು. ಇಂದು ಅವುಗಳಿಗೆ ಫೈಟೋಪ್ಲಾಸ್ಮಾ ಎನ್ನುತ್ತಾರೆ.

ಸೊರಗು ರೋಗದ ತೆಂಗಿನಲ್ಲೂ ಇಂಥವೇ ಇವೆಯೆಂದು 1983ರಲ್ಲಿ ವರದಿಯಾಯಿತು. ಇವು ಪರಾವಲಂಬಿಗಳಾಗಿ ಬಾಳಿ ಬಾಳಿ, ಸ್ವಂತ ಅಡುಗೆಯನ್ನೇ ಮರೆತ ಮನೆಯಂತೆ, ಬದುಕಲು ಬೇಕಾದ ಎಷ್ಟೋ ವಂಶವಾಹಿಗಳನ್ನು ಕಳೆದುಕೊಂಡಿವೆ. ಗಿಡದ ರಸ ಇಲ್ಲವೇ ಕೀಟದ ಮೈ ಬಿಟ್ಟರೆ ಅವುಗಳಿಗೆ ಗತಿಯಿಲ್ಲ. ಶುದ್ಧ ತಳಿಯಿಲ್ಲದ ಮೇಲೆ ಅಧಿಕೃತ ಹೆಸರೂ ಇಲ್ಲ. ಅದಕ್ಕಾಗಿ 1994ರಲ್ಲಿ 'ಕ್ಯಾಂಡಿಡಾಟಸ್' ಎಂಬ ಒಂದು ಉಪಾಯ ಸೂಚಿತವಾಯಿತು. ಲ್ಯಾಟಿನ್ನಿನಲ್ಲಿ ಇದರ ಅರ್ಥ ಅಭ್ಯರ್ಥಿ. 2004ರಲ್ಲಿ ಫೈಟೋಪ್ಲಾಸ್ಮಾಗಳು ಆ ಪಟ್ಟಿಗೆ ಸೇರಿದವು. ಅಂದಿನಿಂದ ಇಂದಿನವರೆಗೂ ಅವು ಅಭ್ಯರ್ಥಿಗಳೇ, ಗೆದ್ದು ಬಂದಿಲ್ಲ! ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು 2010ರಲ್ಲಿ ತೆಂಗಿನ ರೋಗಾಣುವಿನ ಡಿ.ಎನ್.ಎ. ಓದಿ, ಅದು ಭತ್ತದ ಹಳದಿ ಕುಳ್ಳು ರೋಗದ ರೋಗಾಣುವಿರುವ ಗುಂಪಿಗೆ ಸೇರಿದ್ದೆಂದು ಪ್ರಕಟಿಸಿದರು. ಗುಂಪು ಗೊತ್ತಾಯಿತು, ಆದರೆ ತಳಿ ಯಾರ ಕೈಗೂ ಸಿಗಲಿಲ್ಲ.

ಡಿ.ಎನ್.ಎ. ಬರಹವನ್ನೇ ಸಾಕ್ಷಿಯಾಗಿ ಒಪ್ಪಿ ಹೆಸರು ಕೊಡಬಾರದೇಕೆ? ಈ ಬೇಡಿಕೆಯನ್ನು ಬ್ಯಾಕ್ಟೀರಿಯಾಗಳ ನಾಮಕರಣ ನೋಡಿಕೊಳ್ಳುವ ಅಂತಾರಾಷ್ಟ್ರೀಯ ಸಮಿತಿ 2020ರಲ್ಲಿ ತಳ್ಳಿಹಾಕಿತು. ಒಪ್ಪದವರು 2022ರಲ್ಲಿ 'ಸೀಕ್ವೆನ್ಸ್ ಕೋಡ್' ಎಂಬ ಬೇರೆಯೇ ನಿಯಮಾವಳಿಯನ್ನು ಹೊರತಂದರು. ಅದರಲ್ಲಿ ಉತ್ತಮ ಗುಣಮಟ್ಟದ ವಂಶವಾಹಿ ಬರಹವಿದ್ದರೆ ಹೆಸರಿಗೆ ಅಷ್ಟು ಸಾಕು. ಭೂಮಿಯ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಈವರೆಗೆ ಸಾಕಲು ಸಿಕ್ಕಿಲ್ಲ, ಅವೆಲ್ಲ ಅನಾಮಿಕವಾಗಿಯೇ ಉಳಿಯಬೇಕೇ ಎಂಬುದು ಅವರ ವಾದ. ಕಾಗದದ ಮೇಲಿನ ಅಕ್ಷರಕ್ಕೆ ಔಷಧಿ ಹಾಕಿ ನೋಡಲಾಗದು ಎಂಬುದು ಎದುರಿನವರ ಮಾತು.

ನಮಗಂತೂ ಎರಡರಲ್ಲೂ ಹುರುಳು ಕಾಣುತ್ತದೆ. ಸಸಿಗೆ ರೋಗವಿದೆಯೇ, ಯಾವ ಕೀಟ ಅದನ್ನು ಹೊತ್ತು ತರುತ್ತಿದೆ ಎಂದು ನೋಡಲು ಡಿ.ಎನ್.ಎ. ಪರೀಕ್ಷೆ ಬೇಕೇ ಬೇಕು. ಜಾಲರಿ ರೆಕ್ಕೆಯ ತಿಗಣೆ ಹಾಗೂ ಒಂದು ಬಗೆಯ ಜಿಗಿಹುಳು ಈ ರೋಗವನ್ನು ಹರಡುತ್ತವೆ. ಆದರೆ ಯಾವ ಔಷಧಿಗೆ ಈ ಜೀವಿ ಸಾಯುತ್ತದೆಂದು ಗಾಜಿನ ತಟ್ಟೆಯಲ್ಲಿ ಪರೀಕ್ಷಿಸಲು ತಳಿಯೇ ಇಲ್ಲ. ಕೋಶಗೋಡೆ ಇಲ್ಲದ್ದರಿಂದ ಪೆನ್ಸಿಲಿನ್ ನಾಟದು. ಟೆಟ್ರಾಸೈಕ್ಲಿನ್ ಲಕ್ಷಣಗಳನ್ನು ಕೆಲಕಾಲ ಅಡಗಿಸೀತು, ನಿಲ್ಲಿಸಿದರೆ ರೋಗ ಮರಳುತ್ತದೆ. ಆದುದರಿಂದ 'ವಾಡಲ್ ರೋಗಾಣುವನ್ನು ಕೊಲ್ಲುವ ಮದ್ದು, ಬೇರಿಗೆ ಕಟ್ಟಿ' ಎಂದು ಬಾಟಲಿ ಹಿಡಿದು ತೋಟಕ್ಕೆ ಬರುವವರನ್ನು ಅದನ್ನು ಎಲ್ಲಿ, ಯಾವುದರ ಮೇಲೆ ಪರೀಕ್ಷಿಸಿದಿರಿ ಎಂದು ಧಾರಾಳವಾಗಿ ಕೇಳಬಹುದು.

ವರ್ಷಕ್ಕೆ ಹತ್ತು ಕಾಯಿಯೂ ಬಿಡದ ರೋಗದ ಮರಗಳನ್ನು ತೆಗೆದುಹಾಕಬೇಕೆಂಬುದು ಸಂಶೋಧನಾ ಸಂಸ್ಥೆಯ ಸಲಹೆ. ಉಳಿದವಕ್ಕೆ ಹಸಿರೆಲೆ ಗೊಬ್ಬರ, ಸಮತೋಲನದ ಪೋಷಕಾಂಶ, ಬೇಸಿಗೆಯಲ್ಲಿ ನೀರು ಕೊಟ್ಟರೆ ಇಳುವರಿ ತಕ್ಕಮಟ್ಟಿಗೆ ನಿಲ್ಲುತ್ತದೆ. ಹೊಸದಾಗಿ ನೆಡುವವರಿಗೆ ಕಲ್ಪರಕ್ಷಾ, ಕಲ್ಪಶ್ರೀ ತಳಿಗಳಿವೆ. ರೋಗ ದಟ್ಟವಾಗಿರುವ ಕಡೆಯಲ್ಲೇ ಆರೋಗ್ಯವಾಗಿ ನಿಂತ ಮರಗಳಿಂದ ಆರಿಸಿದವು ಇವು. ಬೇರೆಡೆ ಸಸಿ ಕೊಳ್ಳುವುದಾದರೆ ತಾಯಿಮರ ಯಾವ ತೋಟದ್ದೆಂದು ವಿಚಾರಿಸಿ, ಸಾಧ್ಯವಾದರೆ ಹೋಗಿ ಅದರ ಗರಿಗಳನ್ನೊಮ್ಮೆ ನೋಡಿ ಬನ್ನಿ.